ನೋಡಾಕ ಏನೈತ್ರಿ ಇಲ್ಲಿ?

ಕೊಪ್ಪಳದ ಒಂದು ಲಾಡ್ಜಿನ ಕೌಂಟರಿನ ಮೇಲೆ ಲ್ಯಾಮಿನೇಶನ್ ಮಾಡಿಸಿದ ಹಾಳೆಯೊಂದಿದೆ. ತಲೆಬರಹ: ‘ಕೊಪ್ಪಳದಲ್ಲಿ ನೋಡಬೇಕಾದ ಸ್ಥಳಗಳು’. ಅದರ ಕೆಳಗೆ ಏಳು ಹೆಸರು: ಹಂಪಿ, ತುಂಗಭದ್ರಾ ಡ್ಯಾಂ, ಅಂಜನಾದ್ರಿ, ಆನೆಗೊಂದಿ, ಹುಲಿಗೆಮ್ಮನ ಗುಡಿ, ಬಾದಾಮಿ, ಐಹೊಳೆ. ಪ್ರತಿ ಹೆಸರಿನ ಎದುರು ಎಷ್ಟು ಕಿಲೋಮೀಟರ್ ಅಂತ ಬರೆದಿದೆ. ಕೊನೆಗೆ ಬಾಡಿಗೆ ಕಾರಿನವರ ಫೋನ್ ನಂಬರ್. ಏಳರಲ್ಲಿ ಮೂರು ಬೇರೆ ಜಿಲ್ಲೆಯವು. ಕೊಪ್ಪಳ ಊರಿನದು ಒಂದೂ ಇಲ್ಲ. ಇನ್ನೊಂದು ಮಗ್ಗುಲಲ್ಲಿ ಇದ್ದೀತೆಂದು ಹಾಳೆ ತಿರುಗಿಸಿದೆ. ಖಾಲಿ.

ನನ್ನ ಜೊತೆ ಮೈಸೂರಿನಿಂದ ಬಂದ ಗೆಳತಿಯಿದ್ದಳು. ಅವಳದು ಜೈನ ಶಾಸನಗಳ ಅಧ್ಯಯನ, ನನ್ನದು ದಾನಶಾಸನಗಳಲ್ಲಿ ಬರುವ ಅರವಟ್ಟಿಗೆ ಮತ್ತು ಸತ್ರಗಳ ಮೇಲೆ ಪಿಎಚ್.ಡಿ. ಮರುದಿನ ಬೆಳಕು ಹರಿಯುವ ಮುಂಚೆಯೇ ಗುಡ್ಡ ಹತ್ತಬೇಕಿತ್ತು. ನಮ್ಮೂರು ಹಿಟ್ನಾಳದಿಂದ ಅಷ್ಟು ಹೊತ್ತಿಗೆ ಕೊಪ್ಪಳ ಮುಟ್ಟುವುದು ಕಷ್ಟವೆಂದು ಒಂದು ರಾತ್ರಿಗೆ ಕೋಣೆ ಕೇಳಲು ಹೋಗಿದ್ದೆವು. ಮ್ಯಾನೇಜರ್ ಇಬ್ಬರ ಆಧಾರ್ ಕಾರ್ಡನ್ನೂ ತಿರುವಿ ನೋಡಿ ಕೇಳಿದರು: “ಜೋಡಿ ಯಾರ್ ಅದಾರ್ರಿ ಮೇಡಂ, ಗಂಡಸ್ರು?” ಯಾರೂ ಇಲ್ಲ ಎಂದೆವು. ಮಾಲೀಕರಿಗೆ ಫೋನ್ ಹೋಯಿತು. ನನ್ನ ತಂದೆಯ ನಂಬರ್ ತಗೊಂಡು, ಅವರ ಜೊತೆ ಮಾತಾಡಿ, ಆಮೇಲೆ ಕೀಲಿ ಕೊಟ್ಟರು. ನನಗೆ ಇಪ್ಪತ್ತೆಂಟು ವರ್ಷ.

ಕೀಲಿಯ ಜೊತೆ ಆ ಹಾಳೆಯನ್ನೂ ಮುಂದಕ್ಕೆ ಸರಿಸಿದರು. “ಇದರಾಗ ಕೊಪ್ಪಳನ ಇಲ್ಲಲ್ರೀ” ಎಂದೆ. ಅವರು ನಿಜವಾಗಿಯೂ ಆಶ್ಚರ್ಯದಿಂದ ನನ್ನ ಮುಖ ನೋಡಿದರು. “ನೋಡಾಕ ಏನೈತ್ರಿ ಇಲ್ಲಿ?”

ಈ ಲೇಖನ ಆ ಒಂದು ಪ್ರಶ್ನೆಯ ವಿರುದ್ಧ. ಆ ಮನುಷ್ಯನ ವಿರುದ್ಧ ಅಲ್ಲ. ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಎಷ್ಟೋ ಸಲ ನಾನೇ ಆಡಿದ್ದೇನೆ.

ಹಿಟ್ನಾಳ ಅಂದರೆ ಜನರಿಗೆ ಗೊತ್ತಿರುವುದು ಹೆದ್ದಾರಿಯಾಗಿ. ಹುಬ್ಬಳ್ಳಿ ಕಡೆಯಿಂದ ಬರುವ ರಸ್ತೆ ಕೊಪ್ಪಳ ದಾಟಿ, ನಮ್ಮೂರ ಮಗ್ಗುಲಲ್ಲೇ ಹಾದು ಹೊಸಪೇಟೆಗೆ ಹೋಗುತ್ತದೆ. ಕುಷ್ಟಗಿ ಕಡೆಯ ಲಾರಿಗಳೂ ಹೊಸಪೇಟೆಗೆ ಹೋಗುವುದು ಈ ದಿಕ್ಕಿನಲ್ಲೇ. ಶನಿವಾರ ಭಾನುವಾರ ಬೇರೆ ಊರಿನ ನಂಬರಿನ ಕಾರುಗಳು ಸಾಲುಗಟ್ಟಿ ಹಂಪಿಗೆ ಹೋಗುವುದನ್ನು ನೋಡುತ್ತಲೇ ಬೆಳೆದವರು ನಾವು. ಅವರು ನಿಂತರೆ ಎಳನೀರಿಗೆ ನಿಲ್ಲುತ್ತಾರೆ, ಇಲ್ಲವೇ ದಾರಿ ಕೇಳಲಿಕ್ಕೆ. “ಹಂಪಿ ಹೀಂಗ ಹೋಗ್ರಿ” ಎಂದು ಕೈ ತೋರಿಸುವುದು ನಮ್ಮೂರ ಹುಡುಗರಿಗೆಲ್ಲ ರೂಢಿ. ಹೀಗೆ ಕೈ ತೋರಿಸುತ್ತಾ ದೊಡ್ಡವರಾದವರಿಗೆ ನೋಡುವಂಥದ್ದೆಲ್ಲ ಮುಂದಿನ ಊರಲ್ಲೇ ಇರುತ್ತದೆ ಎಂಬ ನಂಬಿಕೆ ಬರುವುದು ಸಹಜ. ಲಾಡ್ಜಿನ ಹಾಳೆ ಆ ನಂಬಿಕೆಯ ಅಚ್ಚಾದ ಪ್ರತಿ, ಅಷ್ಟೇ.

ಮ್ಯಾನೇಜರ್ ತಮ್ಮ ಪರವಾಗಿ ಒಂದು ವಾದ ಇಟ್ಟರು. ಅದನ್ನು ಅಡಗಿಸಿಟ್ಟರೆ ನಾನು ಅಪ್ರಾಮಾಣಿಕಳಾಗುತ್ತೇನೆ. “ಇಲ್ಲಿಗೆ ಬರೋರು ಯಾರಂತೀರಿ? ಔಷಧಿ ಕಂಪನಿ ರೆಪ್ಪುಗಳು, ಫ್ಯಾಕ್ಟರಿ ಕೆಲಸಕ್ಕ ಬಂದ ಎಂಜಿನಿಯರುಗಳು, ಕೋರ್ಟಿಗೆ ಬಂದೋರು, ದವಾಖಾನಿಗೆ ಬಂದೋರು, ಕನ್ಯಾ ನೋಡಾಕ ಬಂದೋರು. ಊರು ನೋಡಾಕ ಅಂತ ಒಬ್ಬಾಂವ ಬಂದಿಲ್ರಿ.”

ಇದು ನಿಜ. ರಾಜ್ಯದ ಬಹುಪಾಲು ಜಿಲ್ಲಾ ಕೇಂದ್ರಗಳ ಲಾಡ್ಜುಗಳ ಪರಿಸ್ಥಿತಿ ಇದೇ. ಗದಗ, ರಾಯಚೂರು, ಹಾವೇರಿ, ಯಾದಗಿರಿಗೂ ಜನ ಕೆಲಸಕ್ಕೆಂದು ಬರುತ್ತಾರೆ. ಆದರೆ ಈ ವಾದದಿಂದ ಮ್ಯಾನೇಜರ್ ಕಂಡದ್ದು ಬೇರೆ, ನಾನು ಕಾಣುವುದು ಬೇರೆ. ಕೆಲಸಕ್ಕೆ ಬಂದವನಿಗೆ ಹಂಪಿಗೆ ಹೋಗಲು ಪುರುಸೊತ್ತೇ ಇಲ್ಲವಲ್ಲ! ಅವನ ಕೈಯಲ್ಲಿರುವುದು ಐದು ಗಂಟೆಯ ನಂತರದ ಒಂದು ಸಂಜೆ, ಕಚೇರಿ ಬಾಗಿಲು ತೆರೆಯುವ ಮುಂಚಿನ ಒಂದು ಮುಂಜಾನೆ. ಆ ಎರಡು ಹೊತ್ತನ್ನು ಅವನು ಲಾಡ್ಜಿನ ಟಿವಿ ಎದುರು ಕಳೆಯುತ್ತಾನೆ. ಮರುದಿನ ಬಸ್ ಹತ್ತುವಾಗ ಮನೆಗೆ ಫೋನ್ ಮಾಡಿ “ಇಲ್ಲೇನೂ ಇಲ್ಲ, ಬರೀ ಧೂಳು” ಅನ್ನುತ್ತಾನೆ. ಏಳು ಹೆಸರಿನ ಆ ಹಾಳೆ ನಿಜವಾಗಿ ಲಾಡ್ಜಿಗೆ ಬರುವ ಯಾರಿಗೂ ಬರೆದದ್ದಲ್ಲ. ಬರಲಿ ಎಂದು ಆಸೆಪಡುವ, ಎಂದೂ ಬರದ ಪ್ರವಾಸಿಗಾಗಿ ಬರೆದದ್ದು.

ಹಾಗಾದರೆ ಒಂದು ಸಂಜೆ, ಒಂದು ಮುಂಜಾನೆಗೆ ಕೊಪ್ಪಳದಲ್ಲಿ ಏನಿದೆ?

ಸಂಜೆಯಿಂದ ಶುರು ಮಾಡೋಣ. ಜವಾಹರ ರಸ್ತೆಯಲ್ಲಿ ನಡೆಯಬಹುದು. ಬಾಂಡಲೆಯಿಂದ ಆಗತಾನೇ ಎತ್ತಿದ ಮಿರ್ಚಿ, ಜೊತೆಗೆ ಮಂಡಕ್ಕಿ ಒಗ್ಗರಣೆ. ರಾತ್ರಿ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಹೊರಗಿನವರಿಗೆ ಇದು ಊಟ ಮಾತ್ರ ಅನ್ನಿಸೀತು. ರೊಟ್ಟಿ ಬಡಿಯುವ ಸಪ್ಪಳ ಕೇಳಿಸುವ ಖಾನಾವಳಿ ಯಾವ ಓಣಿಯಲ್ಲಿದೆ ಎಂದು ಹೇಳಬಲ್ಲವರು ಊರಿನವರು ಮಾತ್ರ. ಫೋನಿನ ನಕ್ಷೆ ಅದನ್ನು ಹೇಳುವುದಿಲ್ಲ.

ಮುಂಜಾನೆಗೆ ಗವಿಮಠದ ಗುಡ್ಡ. ಅಲ್ಲಿ ಮೇಲೆ ಕೊಡೆಯಂತೆ ಚಾಚಿಕೊಂಡ ಬಂಡೆಯ ಕೆಳಗೆ ಅಶೋಕನ ಶಾಸನವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಮೇಲಿನ ಬಂಡೆ ಮಳೆಬಿಸಿಲು ತಡೆದಿದ್ದರಿಂದ ಅಕ್ಷರಗಳು ಚೆನ್ನಾಗಿ ಉಳಿದಿವೆ. ಅದರಲ್ಲಿ ಚಕ್ರವರ್ತಿ ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ವರ್ಷ ಹೆಚ್ಚು ಪ್ರಯತ್ನ ಹಾಕಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಪ್ರಯತ್ನಪಟ್ಟರೆ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಸಣ್ಣವರಿಗೂ ಸಿಗುತ್ತದೆ ಎನ್ನುತ್ತಾನೆ. ಬೆಳಗಿನ ಆರು ಗಂಟೆಗೆ, ಕೆಲಸದ ಒತ್ತಡದಲ್ಲಿ ಊರಿಗೆ ಬಂದ ಔಷಧಿ ರೆಪ್ಪಿಗೆ ಇದಕ್ಕಿಂತ ಒಳ್ಳೆಯ ಮಾತು ಎಲ್ಲಿ ಸಿಕ್ಕೀತು?

ಇನ್ನೊಂದು ಗುಡ್ಡ ಪಾಲ್ಕಿಗುಂಡು. ಅಲ್ಲಿಯ ಬಂಡೆ ದೂರದಿಂದ ಪಲ್ಲಕ್ಕಿಯಂತೆ ಕಾಣುತ್ತದೆ. ಅಲ್ಲಿಯೂ ಅಶೋಕನ ಅದೇ ಸಂದೇಶದ ಶಾಸನವಿದೆ, ಆದರೆ ಸವೆದುಹೋಗಿದೆ. ನನ್ನ ಗೆಳತಿ ಮೈಸೂರಿನಿಂದ ಬಂದದ್ದು ಅದಕ್ಕಲ್ಲ. ಕೊಪಣ ಜೈನರ ಮಹಾತೀರ್ಥವಾಗಿದ್ದ ಊರು. ಆ ಗುಡ್ಡದಲ್ಲಿ ಬಂಡೆಯ ಮೇಲೆ ಒಂದು ಜೋಡಿ ಪಾದಗಳನ್ನು ಕಡೆದಿದ್ದಾರೆ. ಅವು ‘ವರಾಂಗಚರಿತ’ವೆಂಬ ಸಂಸ್ಕೃತ ಕಾವ್ಯ ಬರೆದ ಜಟಾಸಿಂಹನಂದಿಯ ಪಾದಗಳೆಂದೂ, ಚಾವಯ್ಯ ಎಂಬವನು ಮಾಡಿಸಿದನೆಂದೂ ಪಕ್ಕದ ಹಳಗನ್ನಡ ಬರಹ ಹೇಳುತ್ತದೆ. ಒಬ್ಬ ಕವಿಯ ಪಾದಗಳನ್ನು ಊರಿನವನೊಬ್ಬ ಕಲ್ಲಲ್ಲಿ ಮಾಡಿಸಿ ಉಳಿಸಿದ್ದಾನೆ. ಕನ್ನಡ ಎಂ.ಎ. ಓದಿದವರಲ್ಲಿ ಎಷ್ಟು ಜನ ಅವನ್ನು ನೋಡಿದ್ದೇವೆ?

ಈ ಪತ್ರಿಕೆ ಓದುವವರು ಸಾಹಿತ್ಯದವರು, ಆದ್ದರಿಂದ ಇನ್ನೆರಡು ಮಾತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಗುರುತಿಸುವಾಗ ನಾಲ್ಕು ಊರುಗಳ ಹೆಸರು ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಎರಡನೆಯದು ಇದೇ ಕೊಪ್ಪಳ. ಹತ್ತನೆಯ ಶತಮಾನದ ಕೊನೆಗೆ ರನ್ನ ‘ಅಜಿತಪುರಾಣ’ದಲ್ಲಿ ಅತ್ತಿಮಬ್ಬೆಯ ಗುಣಕ್ಕೆ ಹೋಲಿಕೆ ಹುಡುಕಿದಾಗ ಅವನಿಗೆ ನೆನಪಾದ ಬೆಟ್ಟ ಕೊಪಣಾಚಲ. ಪರೀಕ್ಷೆಗೆಂದು ಈ ನಾಲ್ಕು ಹೆಸರನ್ನು ಬಾಯಿಪಾಠ ಮಾಡಿದ ನಾವೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು “ಕೊಪ್ಪಳದಾಗ ಏನೈತಿ” ಅನ್ನುತ್ತೇವೆ. ಇದಕ್ಕಿಂತ ದೊಡ್ಡ ಮರೆವು ಇನ್ನೊಂದಿದೆಯೇ?

ಸಮಯ ಇನ್ನೂ ಉಳಿದಿದ್ದರೆ ಕೋಟೆ. ಟಿಪ್ಪು ಬಲಪಡಿಸಿದ ಈ ಕೋಟೆಗೆ 1790–91ರಲ್ಲಿ ನಿಜಾಮ ಮತ್ತು ಬ್ರಿಟಿಷರ ಪಡೆಗಳು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿದ್ದವು. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಇದೇ ಕೋಟೆ ಹಿಡಿದು ಹೋರಾಡಿ ಸತ್ತ. ಅರ್ಧ ದಿನ ಹೆಚ್ಚಿಗೆ ಸಿಕ್ಕರೆ ಕಿನ್ನಾಳ. ಅಲ್ಲಿ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ಬರೆಯುವುದನ್ನು ಅವರ ಮನೆಯ ಕಟ್ಟೆಯ ಮೇಲೇ ಕೂತು ನೋಡಬಹುದು. ಇದೇ ತಾಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಪತ್ರಿಕೆಗಳ ಮುಖಪುಟದಲ್ಲಿ ಬಂದ ಹೆಸರು ಕೂಡ ಲಾಡ್ಜಿನ ಕೌಂಟರ್ ತನಕ ಬರಲಿಲ್ಲ.

ಇಷ್ಟೆಲ್ಲ ಇದ್ದೂ ಊರು ಯಾಕೆ ಕಾಣುವುದಿಲ್ಲ? ಮ್ಯಾನೇಜರ್ ಒಬ್ಬರ ತಲೆಗೆ ಇದನ್ನು ಕಟ್ಟುವುದು ಅನ್ಯಾಯ. ಹಂಪಿಗೆ 1917ರಲ್ಲೇ ಲಾಂಗ್‌ಹರ್ಸ್ಟ್ ಬರೆದ ಕೈಪಿಡಿ ಬಂತು, 1986ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಕೊಪ್ಪಳ ಆಗ ನಿಜಾಮನ ರಾಜ್ಯದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರು. ಇಲ್ಲಿಯ ಅಶೋಕ ಶಾಸನಗಳ ಮೇಲೆ ಟರ್ನರ್ ಬರೆದ ಪುಸ್ತಕ 1932ರಲ್ಲಿ, ಕನ್ನಡ ಶಾಸನಗಳ ಮೇಲೆ ಕೃಷ್ಣಮಾಚಾರ್ಲು ಬರೆದದ್ದು 1935ರಲ್ಲಿ, ಎರಡೂ ಹೈದರಾಬಾದಿನಿಂದ, ಎರಡೂ ಇಂಗ್ಲಿಷಿನಲ್ಲಿ, ವಿದ್ವಾಂಸರಿಗಾಗಿ ಪ್ರಕಟವಾದವು. 1956ರ ನಂತರವೂ ಕೊಪ್ಪಳ ರಾಯಚೂರು ಜಿಲ್ಲೆಯ ಒಂದು ಅಂಚು. ತನ್ನದೇ ಜಿಲ್ಲೆಯಾದದ್ದು 1997ರಲ್ಲಿ.

ಆದರೆ ಅದಾಗಿ ಕಾಲು ಶತಮಾನ ಕಳೆದಿದೆ. ಈಗಿನ ತಪ್ಪು ಜಹಗೀರುದಾರರದ್ದಲ್ಲ, ನಮ್ಮಂಥ ಸಂಶೋಧಕರದ್ದು. ಅರವಟ್ಟಿಗೆಯ ಮೇಲೆ ನಾನು ಮೂರು ವರ್ಷದಿಂದ ಬರೆಯುತ್ತಿದ್ದೇನೆ. ದಾರಿಹೋಕರಿಗೆ ಬೇಸಿಗೆಯಲ್ಲಿ ನೀರು ಕೊಡಲಿಕ್ಕೆ ಯಾರು ಎಷ್ಟು ಭೂಮಿ ಬಿಟ್ಟರು, ಸತ್ರದ ಊಟಕ್ಕೆ ಯಾವ ತೆರಿಗೆ ಹೋಗುತ್ತಿತ್ತು ಎಂದು ಅಡಿಟಿಪ್ಪಣಿ ಸಮೇತ ಹೇಳಬಲ್ಲೆ. ದೆಹಲಿಯಲ್ಲಿರುವ ಸ್ತಂಭದ ಶಾಸನವೊಂದರಲ್ಲಿ ಅಶೋಕ ದಾರಿಯುದ್ದಕ್ಕೂ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ತಂಗುಮನೆ ಕಟ್ಟಿಸಿದೆ ಎಂದು ಬರೆಸಿದ್ದನ್ನು ಮೊದಲ ಅಧ್ಯಾಯದಲ್ಲೇ ತಂದಿದ್ದೇನೆ. ಇಷ್ಟಾದರೂ ಇವತ್ತು ನಮ್ಮೂರಿಗೆ ಬರುವ ದಾರಿಹೋಕ ಎಲ್ಲಿ ಮಲಗುತ್ತಾನೆ, ಅವನ ಕೈಗೆ ಯಾವ ಹಾಳೆ ಸಿಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಮ್ಮ ಪ್ರಬಂಧಗಳನ್ನು ಮೂವರು ಪರೀಕ್ಷಕರು ಓದುತ್ತಾರೆ. ಲಾಡ್ಜಿನ ಹಾಳೆಯನ್ನು ವರ್ಷಕ್ಕೆ ಸಾವಿರಾರು ಜನ ಓದುತ್ತಾರೆ. ಹೊರಗಿನವನ ಮಟ್ಟಿಗೆ ಊರಿನ ಇತಿಹಾಸಕಾರ ಯಾರು ಎಂದರೆ ನಾನಲ್ಲ, ಆ ಮ್ಯಾನೇಜರ್.

“ಹೋಗಲಿ ಬಿಡು, ಒಂದು ಹಾಳೆ ತಾನೇ” ಅನ್ನುವವರಿಗೆ ನನ್ನ ಉತ್ತರ ಗಿಣಿಗೇರಿಯಲ್ಲಿದೆ. ಹಿಟ್ನಾಳದಿಂದ ಕೊಪ್ಪಳಕ್ಕೆ ಹೋಗುವಾಗ ಗಿಣಿಗೇರಿ ಬಂತೆಂದರೆ ನಾವು ಬಸ್ಸಿನ ಕಿಟಕಿ ಎಳೆದುಕೊಳ್ಳುತ್ತೇವೆ. ಎರಡೂ ಕಡೆ ಚಿಮಣಿಗಳು. ಸುತ್ತಲಿನ ಹಳ್ಳಿಗಳವರು ಬೆಳೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂರುವ ಕರಿಧೂಳಿನ ಬಗ್ಗೆ ಅರ್ಜಿ ಬರೆದು ಬರೆದು ಸೋತಿದ್ದಾರೆ. ಇದು ಸಾಲದೆಂದು ಊರಿಗೆ ಅಂಟಿಕೊಂಡೇ ಮತ್ತೊಂದು ಭಾರಿ ಉಕ್ಕಿನ ಕಾರ್ಖಾನೆಯ ಮಾತು ಬಂತು. 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮೀಜಿ ಜನರ ಜೊತೆ ಬೀದಿಗಿಳಿದರು.

ಕಾರ್ಖಾನೆ ಬರಲಿ ಎನ್ನುವವರ ಬಾಯಲ್ಲಿ ನಾನು ಕೇಳಿದ ಮೊದಲ ವಾಕ್ಯ ಯಾವುದು ಗೊತ್ತೇ? “ಅಲ್ಲೇನೈತಿ? ಬರೀ ಕಲ್ಲುಗುಡ್ಡ.” ಲಾಡ್ಜಿನ ಮ್ಯಾನೇಜರ್ ಅಮಾಯಕವಾಗಿ ಆಡಿದ ಮಾತೇ ಇಲ್ಲಿ ಬೇರೆ ಕೆಲಸ ಮಾಡುತ್ತಿದೆ. ನೋಡಲು ಏನೂ ಇಲ್ಲ ಎಂದು ಒಪ್ಪಿಕೊಂಡ ಊರಿನಲ್ಲಿ ಏನು ಬೇಕಾದರೂ ಮಾಡಬಹುದು. ಹಂಪಿಯ ವಿರೂಪಾಕ್ಷ ಬೀದಿಯ ಪಕ್ಕ ಚಿಮಣಿ ಎಬ್ಬಿಸುತ್ತೇವೆ ಎಂದು ಯಾರೂ ಬಾಯಿಬಿಡುವುದಿಲ್ಲ, ಯಾಕೆಂದರೆ ಅಲ್ಲಿ ಏನಿದೆ ಎಂದು ಲೋಕಕ್ಕೆಲ್ಲ ಗೊತ್ತು. ಕೊಪ್ಪಳದಲ್ಲಿ ಏನಿದೆ ಎಂದು ಕೊಪ್ಪಳದ ಲಾಡ್ಜಿಗೇ ಗೊತ್ತಿಲ್ಲ.

ಇದಕ್ಕೆ ಗೆಳೆಯರೊಬ್ಬರು ಎತ್ತಿದ ಆಕ್ಷೇಪ ಗಟ್ಟಿಯಾದದ್ದು. “ಪ್ರವಾಸೋದ್ಯಮ ಬಂದ ಊರುಗಳ ಗತಿ ನೋಡು. ವಿರೂಪಾಪುರಗಡ್ಡಿ ಏನಾಯಿತು?” ನಮ್ಮದೇ ಜಿಲ್ಲೆಯ ಆ ನಡುಗಡ್ಡೆಯಲ್ಲಿ ರೆಸಾರ್ಟುಗಳು ಅಣಬೆಯಂತೆ ಎದ್ದವು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವು ಅಕ್ರಮವೆಂಬ ತೀರ್ಪನ್ನು ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಅಲ್ಲಿ ಅಡುಗೆ ಮಾಡಿ, ಕಸ ಗುಡಿಸಿ, ಬೈಕ್ ಬಾಡಿಗೆಗೆ ಕೊಟ್ಟು ಬದುಕಿದ್ದವರು ಒಂದೇ ವಾರದಲ್ಲಿ ನಿರುದ್ಯೋಗಿಗಳಾದರು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆ ಕಾರಣಕ್ಕೇ ನಾನು ಕೇಳುತ್ತಿರುವುದು ರೆಸಾರ್ಟನ್ನಲ್ಲ, ಬೆಟ್ಟಕ್ಕೆ ರೋಪ್‌ವೇಯನ್ನಲ್ಲ, ಸೆಲ್ಫಿಗೆ ನಿಲ್ಲುವ ಬಣ್ಣದ ಅಕ್ಷರಗಳನ್ನೂ ಅಲ್ಲ. ಈಗಾಗಲೇ ಊರಿಗೆ ಬಂದು ಮಲಗಿರುವವನಿಗೆ ಊರು ತೋರಿಸಿ ಎನ್ನುತ್ತಿದ್ದೇನೆ. ಅದಕ್ಕೆ ಒಂದು ಇಟ್ಟಿಗೆಯೂ ಬೇಕಿಲ್ಲ.

ಇನ್ನೊಂದನ್ನು ಹೇಳದೆ ಮುಗಿಸಿದರೆ ಈ ಲೇಖನ ಗಂಡಸರಿಗೆ ಮಾತ್ರ ಬರೆದಂತಾಗುತ್ತದೆ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆಯ ಬಳಿ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರವಾಯಿತು, ಒಬ್ಬ ಪ್ರವಾಸಿ ಜೀವ ಕಳೆದುಕೊಂಡ. ಅದಾದ ಮೇಲೆ ನಾನು ಬಸ್ಸಿನಲ್ಲಿ, ಮನೆಯಲ್ಲಿ, ವಿಭಾಗದ ಕಾರಿಡಾರಿನಲ್ಲಿ ಹೆಚ್ಚು ಕೇಳಿದ ಪ್ರಶ್ನೆ: “ಅಷ್ಟೊತ್ತಿನ್ಯಾಗ ಅಲ್ಲಿಗ್ಯಾಕ ಹೋಗಿದ್ರು?” ಲಾಡ್ಜಿನ ಕೌಂಟರಿನಲ್ಲಿ ನನ್ನ ತಂದೆಗೆ ಹೋದ ಫೋನು ಅದೇ ಪ್ರಶ್ನೆಯ ಇನ್ನೊಂದು ರೂಪ. ಸುರಕ್ಷೆಯ ಹೊಣೆಯನ್ನು ಬಂದವರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಆತಿಥ್ಯವಲ್ಲ. ಯಾವ ದಾರಿಯಲ್ಲಿ ರಾತ್ರಿ ದೀಪ ಇರುತ್ತದೆ, ಯಾವುದರಲ್ಲಿ ಇರುವುದಿಲ್ಲ, ಗುಡ್ಡದಿಂದ ಎಷ್ಟೊತ್ತಿಗೆ ಇಳಿದುಬಿಡಬೇಕು, ಕೊನೆಯ ಬಸ್ ಯಾವಾಗ, ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆದು ಕೊಡುವುದು ಆತಿಥ್ಯ. ಆ ರಾತ್ರಿ ನನಗೆ ತಂದೆಯ ಅನುಮತಿ ಬೇಕಿರಲಿಲ್ಲ. ಬೆಳಗಿನ ಐದೂವರೆಗೆ ಗುಡ್ಡದ ಬುಡದ ತನಕ ಬರುವ ನಂಬಿಕಸ್ಥ ಆಟೋದವರ ನಂಬರ್ ಬೇಕಿತ್ತು. ಅದು ಅವರ ಬಳಿ ಇರಲಿಲ್ಲ.

ಕೊಪ್ಪಳಕ್ಕೆ ಅತಿಥಿಗಳನ್ನು ನೋಡಿಕೊಳ್ಳುವುದು ಗೊತ್ತಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಬಂದಾಗ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ ಬರುತ್ತದೆ. ನಮ್ಮ ಓಣಿಯಲ್ಲೂ ವಾರದ ಮುಂಚೆಯೇ ಹೆಂಗಸರು ಗುಂಪಾಗಿ ಕೂತು ರೊಟ್ಟಿ ಬಡಿಯುತ್ತಾರೆ. ಅವ್ವನ ಪಾಲಿಗೆ ಬಂದ ಹಿಟ್ಟು ಮುಗಿಯುವವರೆಗೂ ಮನೆಯಲ್ಲಿ ಬೇರೆ ಅಡುಗೆಯಿಲ್ಲ. ಬಂದ ಲಕ್ಷಾಂತರ ಜನರಲ್ಲಿ ಯಾರನ್ನೂ “ಜೋಡಿ ಯಾರ್ ಅದಾರ” ಎಂದು ಕೇಳದೆ ಉಣ್ಣಿಸುವ ಊರು ಇದು. ಜಾತ್ರೆಯ ಹದಿನೈದು ದಿನ ಇರುವ ಆ ಮನಸ್ಸು ಉಳಿದ ಮುನ್ನೂರೈವತ್ತು ದಿನ ಲಾಡ್ಜಿನ ಕೌಂಟರಿನಲ್ಲಿ ಯಾಕಿರಬಾರದು?

ನನ್ನ ಬೇಡಿಕೆ ಸಣ್ಣದು, ನಮ್ಮ ಕಡೆಯ ಎಲ್ಲ ಊರುಗಳಿಗೂ ಅನ್ವಯಿಸುವಂಥದ್ದು. ಲಾಡ್ಜಿನವರೇ, ಹಂಪಿ ಬಾದಾಮಿ ಇರಲಿ, ಆದರೆ ಪಟ್ಟಿ ನಿಮ್ಮ ಬಾಗಿಲಿನಿಂದ ಶುರುವಾಗಲಿ. ನಡೆದು ಹೋಗಬಹುದಾದದ್ದು ಮೊದಲು, ಆಟೋದ್ದು ಆಮೇಲೆ, ಬಾಡಿಗೆ ಕಾರು ಕೊನೆಗೆ. ವಿಶ್ವವಿದ್ಯಾಲಯದವರೇ, ಶಾಸನ ಓದಲು ಬಲ್ಲ ಪ್ರತಿ ವಿದ್ಯಾರ್ಥಿಯಿಂದ ಪ್ರಬಂಧದ ಜೊತೆಗೆ ತನ್ನ ಊರಿನ ಬಗ್ಗೆ ಒಂದು ಪುಟದ ತಿಳಿಗನ್ನಡದ ಬರಹವನ್ನೂ ಕೇಳಿ. ಅದನ್ನು ಹತ್ತಿರದ ಲಾಡ್ಜಿಗೆ, ಬಸ್‌ಸ್ಟ್ಯಾಂಡಿಗೆ, ಜಿಲ್ಲಾ ಆಸ್ಪತ್ರೆಯ ಹೊರಬಾಗಿಲಿಗೆ ಮುಟ್ಟಿಸುವ ಕೆಲಸವೂ ಅವರದೇ ಆಗಲಿ.

ನಾನು ನನ್ನ ಪಾಲಿನದನ್ನು ಮಾಡಿದ್ದೇನೆ. ಕೋಣೆ ಬಿಡುವ ದಿನ ಒಂದು ಪುಟ ಬರೆದು ಕೌಂಟರಿನಲ್ಲಿ ಕೊಟ್ಟೆ. ಸಂಜೆಗೆ ಮೂರು ಸಾಲು, ಮುಂಜಾನೆಗೆ ನಾಲ್ಕು, ಗುಡ್ಡದಿಂದ ಇಳಿಯಬೇಕಾದ ಹೊತ್ತು, ಅಶೋಕ ಹೇಳಿದ್ದರ ಸಾರಾಂಶ. ಮ್ಯಾನೇಜರ್ ನಿಂತುಕೊಂಡೇ ಪೂರ್ತಿ ಓದಿದರು. ಅಶೋಕ ಸರ್ಕಲ್ ದಿನಾ ದಾಟಿ ಬರುವವರು ಅವರು, ಆ ಹೆಸರು ಎಲ್ಲಿಂದ ಬಂತೆಂದು ಕೇಳಿರಲಿಲ್ಲವಂತೆ. “ಗುಡ್ಡದ ಮ್ಯಾಲೆ ಇಷ್ಟೆಲ್ಲ ಬರದಾರೇನ್ರಿ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆದ್ರ ಮೇಡಂ, ಇದನ್ನ ಹಚ್ಚಾಕ ಜಾಗ ಎಲ್ಲೈತ್ರಿ?”

ಹಾಳೆ ತಿರುಗಿಸಿ ಖಾಲಿ ಮಗ್ಗುಲು ತೋರಿಸಿದೆ.